ವರದಿ ಬರೆದ ದಿನದ ಮನೆ, ಮಗು ಬಂದ ದಿನದ ಮನೆ

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಪಕ್ಕದ ಮನೆ ಹುಡುಗಿ ಬಂದು, "ಅಕ್ಕಾ, ನಮ್ಮ ಬಗ್ಗೆ ಒಂದು ಪತ್ರ ಬರೆದುಕೊಡ್ತೀರಾ?" ಎಂದು ಕೇಳಿದಳು. ಹುಡುಗಿ ಅಂದರೆ ಮೂವತ್ತಾರರ ಹೆಣ್ಣುಮಗಳು, ಖಾಸಗಿ ಶಾಲೆಯಲ್ಲಿ ಟೀಚರ್, ನನಗೆ ತಂಗಿ ಇದ್ದಂತೆ. ಗಂಡ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ದಾವಣಗೆರೆ ನಿಟುವಳ್ಳಿಯಲ್ಲಿ ನಮ್ಮೆರಡು ಮನೆಗೆ ನಡುವಿನ ಗೋಡೆ ಒಂದೇ. ಮದುವೆಯಾಗಿ ಒಂಬತ್ತು ವರ್ಷ, ಆಸ್ಪತ್ರೆ ಅಲೆದು ಅಲೆದು ಸಾಕಾಗಿ, ಕೊನೆಗೆ ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದರು. ಅದಕ್ಕೆ ಪರಿಚಯದವರಿಂದ ಎರಡು ಪತ್ರ ಬೇಕಿತ್ತು.

ನಾನು ಹದಿನೈದು ನಿಮಿಷದಲ್ಲಿ ಬರೆದುಕೊಟ್ಟೆ. ತುಂಬಾ ಒಳ್ಳೆಯ ಜನ, ಯಾರ ತಂಟೆಗೂ ಹೋಗುವವರಲ್ಲ, ಗಂಡ ಹೆಂಡತಿ ಅನ್ಯೋನ್ಯವಾಗಿದ್ದಾರೆ, ಸ್ವಂತ ಮನೆ ಇದೆ, ಇಬ್ಬರೂ ದುಡಿಯುತ್ತಾರೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಹೊಸ ಮನೆಗೆ ಬರುವ ಒಂದು ಮಗುವಿಗೆ ಉಪಯೋಗಕ್ಕೆ ಬರುವಂಥ ಮಾತೂ ಒಂದು ಇರಲಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಆಮೇಲೆ ಈ ವಿಷಯ ಓದುತ್ತಾ, ದತ್ತು ತೆಗೆದುಕೊಂಡವರ ಹತ್ತಿರ ಮಾತಾಡುತ್ತಾ ಹೋದೆ. ಆಗ ಗೊತ್ತಾಗಿದ್ದು, ನನ್ನ ಪತ್ರದ ಕೊರತೆಯೇ ಇಡೀ ವ್ಯವಸ್ಥೆಯ ಕೊರತೆಯೂ ಹೌದು ಅಂತ.

ಮೊದಲು ಕ್ರಮ ಹೇಗೆ ಅಂತ ಹೇಳಿಬಿಡುತ್ತೇನೆ, ಯಾಕಂದ್ರೆ ನಮ್ಮ ಕಡೆ ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಆಶ್ರಮಕ್ಕೆ ಹೋಗಿ ಇಷ್ಟವಾದ ಮಗುವನ್ನು ತೋರಿಸಿ ಕರೆದುಕೊಂಡು ಬರುವ ಹಾಗಿಲ್ಲ. ಆಸ್ಪತ್ರೆಯಲ್ಲಿ "ಬಿಟ್ಟುಹೋದ ಕೂಸು ಇದೆ" ಅಂತ ಯಾರೋ ಹೇಳಿದರು ಅಂತ ತಂದುಕೊಳ್ಳುವ ಹಾಗಂತೂ ಇಲ್ಲವೇ ಇಲ್ಲ. ಹೆತ್ತವರಿಲ್ಲದ, ಬಿಟ್ಟುಹೋದ, ಅಥವಾ ಹೆತ್ತವರೇ ಒಪ್ಪಿಸಿದ ಮಕ್ಕಳನ್ನು ದತ್ತು ಕೊಡುವುದು ಬಾಲ ನ್ಯಾಯ ಕಾಯ್ದೆ 2015ರ ಅಡಿಯಲ್ಲಿ. ಅದನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯನ್ನು ಎಲ್ಲರೂ ಕಾರಾ ಅಂತಾರೆ. ಅದರ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಫೋಟೋ, ಪ್ಯಾನ್ ಕಾರ್ಡ್, ಜನನ ಪ್ರಮಾಣಪತ್ರ, ವಿಳಾಸ, ಆದಾಯದ ದಾಖಲೆ, ಗುಣವಾಗದ ಅಥವಾ ಅಂಟುವ ಕಾಯಿಲೆ ಇಲ್ಲ ಅನ್ನುವ ಡಾಕ್ಟರ್ ಸರ್ಟಿಫಿಕೇಟ್, ಮದುವೆಯ ದಾಖಲೆ, ಜೊತೆಗೆ ನಾನು ಬರೆದಂಥ ಎರಡು ಪತ್ರ ಹಾಕಬೇಕು. ಆಮೇಲೆ ಸೋಷಿಯಲ್ ವರ್ಕರ್ ಒಬ್ಬರು ಮನೆಗೆ ಬರುತ್ತಾರೆ. ವಿಶೇಷ ದತ್ತು ಸಂಸ್ಥೆಯಿಂದ ಬರಬಹುದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದಲೂ ಬರಬಹುದು. ಅವರು ಬರೆಯುವುದೇ ಗೃಹ ಅಧ್ಯಯನ ವರದಿ, ಎಲ್ಲರ ಬಾಯಲ್ಲಿ 'ಹೋಮ್ ಸ್ಟಡಿ'. ಇದಕ್ಕೆ ಶುಲ್ಕ 6 ಸಾವಿರ ರೂಪಾಯಿ. 2022ರ ನಿಯಮದ ಪ್ರಕಾರ ದಾಖಲೆ ಕೊಟ್ಟ 60 ದಿನದೊಳಗೆ ವರದಿ ಮುಗಿಯಬೇಕು. ಅದಕ್ಕೆ ಮೂರು ವರ್ಷ ಮಾನ್ಯತೆ.

ವರದಿಯಲ್ಲಿ ಈ ಮನೆ ಯೋಗ್ಯ ಅಂತ ಬಂದರೆ ಸರದಿ ಶುರು. ಸರದಿ ಬಂದಾಗ ಮಗುವಿನ ಫೋಟೋ, ಅದರ ಬಗ್ಗೆ ಒಂದು ವರದಿ, ವೈದ್ಯಕೀಯ ವಿವರ ಪೋರ್ಟಲ್‌ನಲ್ಲಿ ಕಾಣಿಸುತ್ತವೆ. ಇದನ್ನು ರೆಫರಲ್ ಅನ್ನುತ್ತಾರೆ. 48 ಗಂಟೆಯೊಳಗೆ ಹೂಂ ಅಥವಾ ಇಲ್ಲ ಅನ್ನಬೇಕು. ಹೂಂ ಅಂದಮೇಲೆ ಹೋಗಿ ನೋಡಿ, ಒಪ್ಪಿ, ದತ್ತು ಪೂರ್ವ ಪೋಷಣೆಗೆ ಅಂತ ಮಗುವನ್ನು ಮನೆಗೆ ಕರೆತರುತ್ತಾರೆ. ಕೊನೆಯ ಆದೇಶ ಮೊದಲು ಕೋರ್ಟ್ ಕೊಡುತ್ತಿತ್ತು, 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಆಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ಮಗು ಹೇಗಿದೆ ಅಂತ ನೋಡಬೇಕು.

ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆ. ನಾನು ಇದರ ವಿರುದ್ಧ ಬರೆಯುತ್ತಿಲ್ಲ. ಮಧ್ಯವರ್ತಿಗಳಿಗೆ, ದುಡ್ಡು ಕೊಟ್ಟು ಮಗು ತರುವವರಿಗೆ ತಡೆ ಹಾಕಿರುವುದು ಇದೇ. ನನ್ನ ಮಾತು ಇರುವುದು ಮಧ್ಯದ ಆ ಒಂದು ಹೆಜ್ಜೆಯ ಬಗ್ಗೆ. ಮನೆ ನೋಡೋದು ಅಂತಾರಲ್ಲ, ಅವತ್ತು ನಿಜವಾಗಿ ನೋಡೋದು ಏನನ್ನ?

ಪಕ್ಕದ ಮನೆಗೆ ಬಂದ ದಿನ ನಾನೂ ಇದ್ದೆ. ಹುಡುಗಿ ಭಯಪಟ್ಟು ನನ್ನನ್ನು ಕರೆಸಿಕೊಂಡಿದ್ದಳು. ಹಿಂದಿನ ದಿನವೇ ಮನೆಗೆ ಸುಣ್ಣ ಬಣ್ಣ ಮಾಡಿಸಿದ ಹಾಗೆ ತೊಳೆದು ಬಳಿದು ಇಟ್ಟಿದ್ದಳು, ಹೆಣ್ಣು ನೋಡಲು ಬರುವವರಿಗೆ ಮಾಡುತ್ತೇವಲ್ಲ ಹಾಗೆ. ಬಂದ ಮೇಡಂ ಒಳ್ಳೆಯವರು, ಸಮಾಧಾನದಿಂದ ಮಾತಾಡಿಸಿದರು. ದಾಖಲೆ ತಾಳೆ ನೋಡಿದರು. ಮಗು ಎಲ್ಲಿ ಮಲಗುತ್ತದೆ ಅಂತ ಕೇಳಿದರು. ಮೆಟ್ಟಿಲಿಗೆ ಗ್ರಿಲ್ ಹಾಕಿಸಬೇಕು, ಸಂಪಿನ ಮುಚ್ಚಳ ಭದ್ರ ಮಾಡಿಸಿ ಅಂದರು. ಸಂಬಳ ಎಷ್ಟು, ಸಾಲ ಎಷ್ಟು, ಯಾಕೆ ದತ್ತು ಬೇಕು, ಮಗು ತಪ್ಪು ಮಾಡಿದರೆ ಹೊಡೆಯುತ್ತೀರಾ, ದತ್ತು ಅಂತ ಮುಂದೆ ಮಗುವಿಗೆ ಹೇಳುತ್ತೀರಾ ಅಂತೆಲ್ಲ ಕೇಳಿದರು. ಗಂಡ ಹೆಂಡತಿ ಇಬ್ಬರೂ ಸರಿಯಾದ ಉತ್ತರವನ್ನೇ ಕೊಟ್ಟರು. ಕೊಡದೆ ಏನು, ಒಂದು ತಿಂಗಳಿಂದ ತಯಾರಿ ನಡೆಸಿದ್ದರು.

ಅತ್ತೆ ಒಳಗಿನಿಂದ ಮಂಡಕ್ಕಿ ಒಗ್ಗರಣೆ, ಚಹಾ ತಂದಿಟ್ಟರು. ಜಗಳೂರು ಕಡೆಯವರು, ಎಪ್ಪತ್ತು ದಾಟಿದವರು. "ಅಮ್ಮಾ, ನಿಮಗೆ ಒಪ್ಪಿಗೆನಾ?" ಅಂದರು ಮೇಡಂ. "ಅವರಿಗೆ ಬೇಕಂದ್ರೆ ನಂದೇನೈತವ್ವ" ಅಂದರು ಅತ್ತೆ. ಅದು ಒಪ್ಪಿಗೆ ಅಂತ ಬರೆದುಕೊಂಡಿರಬೇಕು.

ಮೇಡಂ ಹೋದಮೇಲೆ ಸಂಜೆ ಅದೇ ಅತ್ತೆ ನಮ್ಮ ಕಟ್ಟೆಗೆ ಬಂದು ಕೂತರು. ಸ್ವಲ್ಪ ಹೊತ್ತು ಸುಮ್ನೆ ಇದ್ದು ಮಾತು ತೆಗೆದರು. "ಯಾರ ಕೂಸೋ, ಯಾವ ಜನವೋ. ಮನೆ ದೇವರಿಗೆ ಕರಕೊಂಡು ಹೋಗಿ ಏನಂತ ಹೇಳಾದು? ನನಗಂತೂ ಎತ್ತಿಕೊಳ್ಳೋಕೆ ಮನಸು ಬರುತ್ತೋ ಇಲ್ಲೋ ಗೊತ್ತಿಲ್ಲ." ಕಣ್ಣಲ್ಲಿ ನೀರಿತ್ತು. ಕೆಟ್ಟ ಹೆಂಗಸಲ್ಲ. ನಿಜ ಹೇಳಿದರು, ಅಷ್ಟೇ. ಆದರೆ ಆ ನಿಜವನ್ನು ಕೇಳಬೇಕಾದವರು ಅಷ್ಟೊತ್ತಿಗೆ ಬಸ್ ಹತ್ತಿ ಹೋಗಿದ್ದರು. ಇಬ್ಬರೂ ಕೆಲಸಕ್ಕೆ ಹೋಗುವ ಆ ಮನೆಯಲ್ಲಿ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಗು ಇರಬೇಕಾದದ್ದು ಇವರ ಮಡಿಲಲ್ಲಿ. ವರದಿಯ ನಿಜವಾದ ವಿಷಯವೇ ಇವರು. ಇವರಿಗೆ ಸಿಕ್ಕಿದ್ದು ಒಂದು ಪ್ರಶ್ನೆ.

ಹಿರಿಯರ ಮನಸ್ಸು ನೋಡಬೇಕು ಅನ್ನುವುದು ಹೊಸ ಮಾತೇನಲ್ಲ. ವಿದೇಶಕ್ಕೆ ಮಕ್ಕಳನ್ನು ದತ್ತು ಕೊಡುವ ಹೆಸರಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟ್‌ಗೆ ಒಂದು ಪತ್ರ ಬರೆದಿದ್ದರು. ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡು 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ತೀರ್ಪು ಕೊಟ್ಟಿತು. ದತ್ತು ಕೇಳುವವರ ಮನೆಯನ್ನು ಅಧ್ಯಯನ ಮಾಡಿಯೇ ಮಗು ಕೊಡಬೇಕು ಅಂತ ಅದು ಹೇಳಿತು, ಆ ವರದಿಯಲ್ಲಿ ಏನೇನು ಇರಬೇಕು ಅಂತ ಪಟ್ಟಿಯನ್ನೂ ಕೊಟ್ಟಿತು. ಗಂಡ ಹೆಂಡತಿ ಸಂಬಂಧ, ಆರೋಗ್ಯ, ಆದಾಯ, ಮನೆ, ಶಾಲೆ, ಇವುಗಳ ಜೊತೆಗೇ ಅಜ್ಜ ಅಜ್ಜಿ ಮತ್ತು ಬಂಧುಗಳು ಈ ದತ್ತಿನ ಬಗ್ಗೆ ಏನಂದುಕೊಂಡಿದ್ದಾರೆ ಅನ್ನುವುದೂ ಆ ಪಟ್ಟಿಯಲ್ಲಿತ್ತು. ಕಾರಾ ಹುಟ್ಟಿದ್ದು 1990ರಲ್ಲಿ, ಈ ತೀರ್ಪಿನ ಬೆನ್ನಿಗೆ. ಹೊರದೇಶದ ಮನೆಗಳಿಗೆ ಅಂತ ಬರೆದ ಆ ಒಂದು ಸಾಲು, ಅತ್ತೆ ಮಾವ ಒಂದೇ ಸೂರಿನಡಿ ಇರುವ ನಮ್ಮ ದಾವಣಗೆರೆ, ಹರಿಹರ, ಹೊಸದುರ್ಗದ ಮನೆಗಳಿಗೆ ಎಷ್ಟು ಪಟ್ಟು ಜಾಸ್ತಿ ಬೇಕು ಅಲ್ವಾ?

ಇನ್ನೊಂದು ಸಂಗತಿ ಇದೆ. ಇದನ್ನು ನಾವು ಮಾತಾಡುವುದೇ ಇಲ್ಲ. ದತ್ತಿಗೆ ಬರುವ ಹೆಚ್ಚಿನ ದಂಪತಿ ಒಂದು ದುಃಖ ಹೊತ್ತುಕೊಂಡೇ ಬರುತ್ತಾರೆ. ವರ್ಷಗಟ್ಟಲೆ ಇಂಜೆಕ್ಷನ್, ಸ್ಕ್ಯಾನ್, ಹರಕೆ, ನೆಂಟರ ಮದುವೆಯಲ್ಲಿ "ಇನ್ನೂ ವಿಶೇಷ ಇಲ್ವಾ" ಅನ್ನುವ ಮಾತು, ಸೀಮಂತಕ್ಕೆ ಕರೆಯದೇ ಬಿಡುವ ಓರಗಿತ್ತಿ. ಆ ದುಃಖ ಇಳಿಯದೆ ಮಗು ಬಂದರೆ, ಆ ಮಗು ಬೇರೆ ಯಾರದೋ ಜಾಗದಲ್ಲಿ ಕೂರಬೇಕಾಗುತ್ತದೆ. ಹುಟ್ಟದೇ ಹೋದ ಮಗುವಿನ ಜಾಗದಲ್ಲಿ. ಆಮೇಲೆ ಅದು ಅತ್ತರೂ, ಹಟ ಮಾಡಿದರೂ, ಓದದಿದ್ದರೂ, ಹೋಲಿಕೆ ಶುರುವಾಗುತ್ತದೆ. "ಯಾಕೆ ದತ್ತು ಬೇಕು" ಅನ್ನುವ ಪ್ರಶ್ನೆಗೆ "ನಮಗೆ ಮಕ್ಕಳಿಲ್ಲ" ಅನ್ನುವುದು ಉತ್ತರದ ಮೊದಲರ್ಧ ಮಾತ್ರ. ಉಳಿದರ್ಧ ಬಾಯಿಗೆ ಬರಲು ಒಬ್ಬ ಸೋಷಿಯಲ್ ವರ್ಕರ್ ಅದೇ ಮನೆಯಲ್ಲಿ ಎರಡು ಮೂರು ಸಲ ಚಹಾ ಕುಡಿಯಬೇಕಾಗುತ್ತದೆ. ಪಕ್ಕದ ಮನೆಗೆ ಮೇಡಂ ಬಂದದ್ದು ಒಂದೇ ಸಲ.

ಹಾಗಾದರೆ ಯಾವ ಮನೆ ಯೋಗ್ಯ? ದುಡ್ಡಿರುವ ಮನೆ ಅಂತ ಕಾನೂನೇ ಹೇಳುವುದಿಲ್ಲ. ದೈಹಿಕವಾಗಿ, ಮಾನಸಿಕವಾಗಿ, ಹಣಕಾಸಿನಲ್ಲಿ ಮಗುವನ್ನು ಸಾಕುವ ಶಕ್ತಿ ಇರಬೇಕು ಅನ್ನುತ್ತದೆ, ತಿಂಗಳಿಗೆ ಇಷ್ಟೇ ಆದಾಯ ಇರಬೇಕು ಅಂತ ಅಂಕಿ ಹಾಕಿಲ್ಲ. ಸ್ವಂತ ಮನೆ ಬೇಕಿಲ್ಲ. ದಂಪತಿಯಾದರೆ ಮದುವೆಯಾಗಿ ಎರಡು ವರ್ಷ ನೆಟ್ಟಗೆ ಸಂಸಾರ ಮಾಡಿರಬೇಕು, ಇಬ್ಬರೂ ಒಪ್ಪಬೇಕು. ಮಗುವಿಗೂ ತಂದೆ ತಾಯಿಗೂ ಕನಿಷ್ಠ 25 ವರ್ಷ ಅಂತರ ಇರಬೇಕು. ಎರಡು ವರ್ಷದೊಳಗಿನ ಕೂಸು ಬೇಕಾದರೆ ಗಂಡ ಹೆಂಡತಿ ವಯಸ್ಸು ಸೇರಿ 85 ದಾಟಬಾರದು. ಮಗು ದೊಡ್ಡದಾದಂತೆ ಆ ಮಿತಿಯೂ ಏರುತ್ತದೆ. ಒಂಟಿ ಹೆಣ್ಣು ಗಂಡು ಮಗುವನ್ನೂ ಹೆಣ್ಣು ಮಗುವನ್ನೂ ತೆಗೆದುಕೊಳ್ಳಬಹುದು, ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ. ಯಾವ ಧರ್ಮದವರೂ ಈ ಕಾಯ್ದೆಯಡಿ ದತ್ತು ತೆಗೆದುಕೊಳ್ಳಬಹುದು, 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ.

ಚಿತ್ರದುರ್ಗದಲ್ಲಿ ನನ್ನ ಗೆಳತಿಯೊಬ್ಬಳು ನರ್ಸ್. ಮದುವೆ ಆಗಿಲ್ಲ, ಬಾಡಿಗೆ ಮನೆ, ಊರಲ್ಲಿ ತಾಯಿ ಮತ್ತು ಅಣ್ಣ. ಅರ್ಜಿ ಹಾಕುವ ಮೊದಲೇ ಸೋತವಳ ಹಾಗೆ ಕೂತಿದ್ದಳು, "ನನಗೆ ಯಾರು ಕೊಡ್ತಾರೆ ಬಿಡೆ" ಅಂತ. ಕೊಡುತ್ತಾರೆ. ಆದರೆ ಅವಳಿಗೆ ಬಿದ್ದ ಪ್ರಶ್ನೆಗಳಲ್ಲಿ ಎರಡು ಬಗೆ ಇದ್ದವು. ನೈಟ್ ಡ್ಯೂಟಿ ಇದ್ದಾಗ ಮಗುವಿನ ಜೊತೆ ಯಾರಿರುತ್ತಾರೆ, ನಿನಗೇನಾದರೂ ಆದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಇವು ಮಗುವಿನ ಕಡೆಯಿಂದ ಕೇಳಿದ ಪ್ರಶ್ನೆ, ಕೇಳಲೇಬೇಕು. ಒಂಟಿಯಾಗಿರುವವರಿಂದ ಬಂಧುವೊಬ್ಬರ ಮುಚ್ಚಳಿಕೆ ಕೇಳುವುದೂ ಅದಕ್ಕೇ. ಅಣ್ಣ ಬರೆದುಕೊಟ್ಟ. ಆದರೆ ಯಾಕೆ ಮದುವೆ ಆಗಲಿಲ್ಲ, ಮುಂದೆ ಆದರೆ ಗಂಡ ಒಪ್ಪುತ್ತಾನಾ, ಇವನ್ನು ಕೇಳಿದ್ದು ಮಗುವಲ್ಲ, ಊರು. ಮನೆ ನೋಡಲು ಹೋಗುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಅವಳು ಶಿಫ್ಟ್‌ಗಳ ಪಟ್ಟಿ ಬರೆದು, ಯಾವ ವಾರ ತಾಯಿ ಬರುತ್ತಾರೆ, ಯಾವ ವಾರ ಕೆಳಗಿನ ಮನೆ ಆಂಟಿ, ಜ್ವರ ಬಂದರೆ ಯಾರು ರಜೆ ಹಾಕುತ್ತಾರೆ ಅಂತ ಒಂದು ಹಾಳೆ ಮಾಡಿಟ್ಟಿದ್ದಳು. ಸ್ವಂತ ಮನೆ ಇರುವ ಎಷ್ಟೋ ದಂಪತಿಯ ಹತ್ತಿರ ಅಂಥ ಹಾಳೆ ಇರುವುದಿಲ್ಲ.

ಈಗ ಮಗುವಿನ ಕಡೆ ಬರೋಣ, ಯಾಕಂದ್ರೆ ಮನೆ ಯೋಗ್ಯವೋ ಅಲ್ಲವೋ ಅನ್ನುವುದನ್ನು ಮಗು ಏನು ಹೊತ್ತು ತರುತ್ತದೆ ಅನ್ನುವುದರಿಂದಲೇ ಅಳೆಯಬೇಕು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ನೇ ಇಸವಿ ಹೊತ್ತಿಗೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅನಾಥಾಲಯದಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ತರಬೇತಿ ಕೊಟ್ಟ ಮನೆಗಳಿಗೆ ಕಳಿಸಿ, ಉಳಿದವರನ್ನು ಇದ್ದ ವ್ಯವಸ್ಥೆಯಲ್ಲೇ ಬಿಟ್ಟು, ವರ್ಷಗಟ್ಟಲೆ ಇಬ್ಬರನ್ನೂ ಗಮನಿಸಿದರು. ಮನೆಗೆ ಹೋದ ಮಕ್ಕಳು ಮಾತಿನಲ್ಲಿ, ಬುದ್ಧಿಯಲ್ಲಿ, ಒಬ್ಬರಿಗೆ ಅಂಟಿಕೊಳ್ಳುವುದರಲ್ಲಿ ಮುಂದೆ ಬಂದರು. ಅದರಲ್ಲೂ ಎರಡು ವರ್ಷ ತುಂಬುವ ಮೊದಲು ಹೋದವರು ಹೆಚ್ಚು ಚೇತರಿಸಿಕೊಂಡರು. ಅಂದರೆ ಕಾಯಿಸುವುದಕ್ಕೂ ಬೆಲೆ ಇದೆ, ಅದನ್ನು ಕೊಡುವುದು ಮಗು.

ಸಂಸ್ಥೆಯಲ್ಲಿ ಬೆಳೆದ ಮಗು ಮನೆಗೆ ಬಂದಮೇಲೆ ಮಾಡುವ ಕೆಲವು ಸಂಗತಿ ನೋಡಿದವರಿಗೆ ಮಾತ್ರ ಗೊತ್ತು. ದಿಂಬಿನ ಕೆಳಗೆ ಚಪಾತಿ ಬಚ್ಚಿಡುವುದು. ರಾತ್ರಿ ಎಚ್ಚರವಾದರೂ ಅಳದೆ ಸುಮ್ನೆ ಕಣ್ಣು ಬಿಟ್ಟುಕೊಂಡು ಮಲಗಿರುವುದು, ಯಾಕಂದ್ರೆ ಅತ್ತರೆ ಯಾರೂ ಬರುವುದಿಲ್ಲ ಅಂತ ಅದು ಕಲಿತಿದೆ. ಎಲ್ಲಕ್ಕಿಂತ ಜನ ತಪ್ಪು ತಿಳಿಯುವುದು ಒಂದಿದೆ: ಬಂದ ದಿನವೇ ಯಾರು ಕರೆದರೂ ಹೋಗಿ ತೊಡೆ ಮೇಲೆ ಕೂರುವುದು. "ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ನೋಡಿ" ಅಂತ ಎಲ್ಲರೂ ಸಂತೋಷ ಪಡುತ್ತಾರೆ. ಆದರೆ ಎಲ್ಲರ ಹತ್ತಿರವೂ ಒಂದೇ ಥರ ಹೋಗುವ ಮಗುವಿಗೆ ಇನ್ನೂ ತನ್ನವರು ಅಂತ ಯಾರೂ ಆಗಿಲ್ಲ ಅಂತಲೂ ಅರ್ಥ ಇರಬಹುದು. ತಿಂಗಳು ಕಳೆದು, ಅಮ್ಮ ಕಣ್ಣಿಗೆ ಬೀಳದಿದ್ದರೆ ಅದೇ ಮಗು ರಂಪ ಶುರು ಮಾಡಿದಾಗ ಮನೆಯವರು ಗಾಬರಿಯಾಗುತ್ತಾರೆ, ಮೊದಲು ಚೆನ್ನಾಗಿತ್ತಲ್ಲ ಅಂತ. ನಿಜವಾಗಿ ಆಗ ತಾನೇ ಅದು ಅಂಟಿಕೊಳ್ಳಲು ಶುರು ಮಾಡಿರುತ್ತದೆ.

ಇದು ಗೊತ್ತಿಲ್ಲದ ಮನೆಯಲ್ಲಿ ಏನಾಗುತ್ತದೆ? ಕೆಲವು ಮಕ್ಕಳು ವಾಪಸ್ ಬರುತ್ತವೆ. ಐದು ವರ್ಷದಲ್ಲಿ 1,100ಕ್ಕೂ ಹೆಚ್ಚು ದತ್ತು ಮಕ್ಕಳನ್ನು ಸಂಸ್ಥೆಗಳಿಗೆ ಮರಳಿಸಲಾಗಿದೆ ಅಂತ 2020ರ ಆರಂಭದಲ್ಲಿ ಕಾರಾ ಅಂಕಿಗಳೇ ಹೇಳಿದವು. ಅಂಗಡಿಗೆ ಸಾಮಾನು ಮರಳಿಸುತ್ತೇವಲ್ಲ, ಅದೇ ಪದವನ್ನು ಮಗುವಿಗೆ ಬಳಸಬೇಕಾಗಿ ಬಂದಿದೆ, ಬರೆಯುವಾಗಲೇ ಸಂಕಟವಾಗುತ್ತದೆ. ಒಂದು ಸಲ ಹೆತ್ತವರು ಬಿಟ್ಟ ಮಗುವನ್ನು ಎರಡನೇ ಸಲ ಬಿಟ್ಟರೆ ಮೂರನೇ ಮನೆಯನ್ನು ಅದು ಹೇಗೆ ನಂಬಬೇಕು? ಹಾಗೆ ಬಿಟ್ಟವರೆಲ್ಲ ಕೆಟ್ಟವರು ಅಂತ ನನಗನ್ನಿಸುವುದಿಲ್ಲ. ಅವರ ಮನೆಯನ್ನೂ ಯಾರೋ ನೋಡಿ ಯೋಗ್ಯ ಅಂತ ಬರೆದಿದ್ದರು. ಮೆಟ್ಟಿಲ ಗ್ರಿಲ್ ನೋಡಿದ್ದರು. ಚಪಾತಿ ಬಚ್ಚಿಡುವ ಮಗು ಬಂದರೆ ಏನು ಮಾಡುತ್ತೀರಿ ಅಂತ ಕೂತು ಮಾತಾಡಿದ್ದರಾ?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಕಾಲದ ಲೆಕ್ಕ. 2022ರ ಆಗಸ್ಟ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೊಂದು ದತ್ತು ಕಾನೂನುಗಳ ಬಗ್ಗೆ ವರದಿ ಕೊಟ್ಟಿತು. ಅದರ ಪ್ರಕಾರ 2017ರಲ್ಲಿ ಸುಮಾರು 18 ಸಾವಿರ ಅರ್ಜಿದಾರರಿದ್ದರೆ 2021ರ ಡಿಸೆಂಬರ್‌ಗೆ 27,939 ಆಗಿದ್ದರು. ದತ್ತಿಗೆ ಕೊಡಬಹುದಾದ ಮಕ್ಕಳು 6,996 ಇದ್ದರೂ ಕಾನೂನು ಪ್ರಕಾರ ದತ್ತಿಗೆ ಮುಕ್ತ ಅಂತ ಘೋಷಣೆಯಾದವರು 2,430 ಮಾತ್ರ. ಕಾಯುವ ಅವಧಿ ಒಂದು ವರ್ಷದಿಂದ ಮೂರು ವರ್ಷಕ್ಕೆ ಏರಿದೆ ಅಂತಲೂ ಹೇಳಿತು. ಆಮೇಲೆ ಸ್ವಲ್ಪ ಸುಧಾರಿಸಿದೆ. 2024-25ರಲ್ಲಿ 4,515 ದತ್ತು ಆದವು, ಹನ್ನೆರಡು ವರ್ಷದಲ್ಲೇ ಹೆಚ್ಚು. ಆದರೂ ಎಳೆ ಕೂಸು ಬೇಕು ಅನ್ನುವವರು ಮೂರು ವರ್ಷಕ್ಕೂ ಮೇಲೆ ಕಾಯುತ್ತಲೇ ಇದ್ದಾರೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನೆ ನೋಡುವುದು ಅರ್ಜಿ ಹಾಕಿದ ಎರಡು ತಿಂಗಳಲ್ಲಿ. ಮಗು ಬರುವುದು ಮೂರು ವರ್ಷ ದಾಟಿ. ಮಧ್ಯದ ಆ ಮೂರು ವರ್ಷ ಆ ಮನೆಗೆ ಯಾರೂ ಹೋಗುವುದಿಲ್ಲ. ಮಾನ್ಯತೆ ಮುಗಿದಾಗ ನವೀಕರಣ ಅಂತ ಇದೆ, ಆದರೆ ಒಮ್ಮೆ ಪಾಸ್ ಆದ ಮನೆಗೆ ಎರಡನೇ ಸಲ ಹೊಸದಾಗಿ ಕಣ್ಣು ಬಿಟ್ಟು ನೋಡುವುದು ಕಷ್ಟ, ಹಳೆಯದಕ್ಕೇ ತಾರೀಖು ಬದಲಾಗುವ ಸಾಧ್ಯತೆ ಜಾಸ್ತಿ. ಮೂರು ವರ್ಷದಲ್ಲಿ ಒಂದು ಸಂಸಾರದಲ್ಲಿ ಏನೇನಾಗಬಹುದು ಅಂತ ನಿಮ್ಮ ಮನೆಯನ್ನೇ ನೆನೆಸಿಕೊಳ್ಳಿ.

ಪಕ್ಕದ ಮನೆಯಲ್ಲಿ ಆಗಿದ್ದು ಹೇಳುತ್ತೇನೆ. ಎರಡನೇ ವರ್ಷ ಮಾವ ತೀರಿಕೊಂಡರು. ಅತ್ತೆಗೆ ಲಕ್ವಾ ಹೊಡೆದು ಎಡಗೈ ಸ್ವಾಧೀನ ತಪ್ಪಿತು, ಮಗು ಎತ್ತಿಕೊಳ್ಳುವ ಪ್ರಶ್ನೆಯೇ ಉಳಿಯಲಿಲ್ಲ. ಮಂಡಿ ಮಾಲೀಕರು ವ್ಯಾಪಾರ ಕಮ್ಮಿ ಮಾಡಿದ್ದರಿಂದ ಗಂಡನ ಸಂಬಳ ಇಳಿಯಿತು. ಹುಡುಗಿ ಒಂದು ವರ್ಷ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಫೋನ್ ಸದ್ದಾದರೆ ಪೋರ್ಟಲ್ ಮೆಸೇಜ್ ಇರಬೇಕು ಅಂತ ಓಡುತ್ತಿದ್ದಳು, ಕ್ರಮಸಂಖ್ಯೆ ಎಷ್ಟು ಇಳಿಯಿತು ಅಂತ ದಿನಾ ನೋಡುತ್ತಿದ್ದಳು. ಒಂದು ಸಲ "ಸಾಕಕ್ಕಾ, ತೆಗೆಸಿಬಿಡ್ತೀನಿ ಹೆಸರು" ಅಂದಳು. ಆಗ ಅವಳಿಗೆ ಬೇಕಾಗಿದ್ದದ್ದು ಹತ್ತು ನಿಮಿಷ ಮಾತಾಡುವ ಒಬ್ಬರು. ಸಿಕ್ಕಿದ್ದು ಕ್ರಮಸಂಖ್ಯೆ.

ವರದಿಯಲ್ಲಿ ಮಾತ್ರ ಆ ಮನೆ ಇನ್ನೂ ಹಾಗೇ ಇತ್ತು. ಮಾವ ಬದುಕಿದ್ದರು, ಅತ್ತೆ ಗಟ್ಟಿಯಾಗಿದ್ದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಮೊದಲೇ ಇಷ್ಟು ನಿಧಾನ, ಇನ್ನೂ ಬಿಗಿ ಮಾಡಿದರೆ ಜನ ಅಡ್ಡದಾರಿ ಹಿಡಿಯುತ್ತಾರೆ ಅಂತ. ಹಿಡಿಯುತ್ತಾರೆ, ನಿಜ. ನರ್ಸಿಂಗ್ ಹೋಮ್ ಪರಿಚಯ, ಮಧ್ಯದಲ್ಲೊಬ್ಬರು, ಹೆತ್ತವಳ ಹೆಸರಿನ ಜಾಗದಲ್ಲಿ ಇವರ ಹೆಸರು ಬರೆದ ಜನನ ದಾಖಲೆ. ಇದು ದತ್ತು ಅಲ್ಲ, ಮಾರಾಟ. ಬಾಲ ನ್ಯಾಯ ಕಾಯ್ದೆಯ 81ನೇ ಸೆಕ್ಷನ್ ಪ್ರಕಾರ ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ. ಮುಂದೊಂದು ದಿನ ವಿಷಯ ಹೊರಗೆ ಬಂದರೆ ಪೊಲೀಸರು ಬಂದು ಅಮ್ಮಾ ಅಂತ ಕರೆಯುತ್ತಿದ್ದ ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಆ ಮನೆಯನ್ನು ಯಾರೂ ನೋಡಿರುವುದಿಲ್ಲ, ಆ ಮಗು ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಹಾಳೆಯೂ ಇರುವುದಿಲ್ಲ.

ನೆಂಟರಲ್ಲೇ ದತ್ತು ತೆಗೆದುಕೊಳ್ಳುವುದು ಬೇರೆ. ಅಣ್ಣನ ಮಗ, ತಂಗಿಯ ಮಗಳು ಅಂತ ನಮ್ಮಲ್ಲಿ ಹಿಂದಿನಿಂದ ಇದೆ. ಅದಕ್ಕೆ ಹಿಂದೂ ದತ್ತಕ ಮತ್ತು ಪೋಷಣಾ ಕಾಯ್ದೆ 1956 ಇದೆ, ಅದರಡಿ ಹೋಮ್ ಸ್ಟಡಿ ಕೇಳುವುದಿಲ್ಲ. ಮಗುವನ್ನು ಕೊಟ್ಟು ತೆಗೆದುಕೊಳ್ಳುವುದು ನಿಜವಾಗಿ ನಡೆಯಬೇಕು, ದತ್ತ ಹೋಮ ಮಾಡಲೇಬೇಕೆಂದಿಲ್ಲ. ಮಗು ಆ ಮನೆಯವರನ್ನು ಮೊದಲೇ ಬಲ್ಲದು, ಹಾಗಾಗಿ ಸುಲಭ ಅನ್ನಿಸುತ್ತದೆ. ಆದರೆ ಆಸ್ತಿಗೆ ವಾರಸುದಾರ ಬೇಕು ಅಂತಲೇ ತಂದ ಮಗು ಆ ಮನೆಯಲ್ಲಿ ಹೇಗಿದೆ ಅಂತ ಅಲ್ಲಿಯೂ ಯಾರೂ ನೋಡುವುದಿಲ್ಲ. ಅದು ಇನ್ನೊಂದು ದೊಡ್ಡ ಮಾತು.

ಆಕ್ಷೇಪಕ್ಕೆ ಉತ್ತರ ಏನಂದರೆ, ನಾನು ಕೇಳುತ್ತಿರುವುದು ಬಾಗಿಲಲ್ಲಿ ಇನ್ನೊಂದು ಬೀಗ ಅಲ್ಲ. ಕಾಯುವ ಮೂರು ವರ್ಷ ಹೇಗೂ ಇದೆ, ಅದು ಈಗ ಖಾಲಿ ಹೋಗುತ್ತಿದೆ. ಅದನ್ನೇ ಬಳಸಿ. ಹೋಮ್ ಸ್ಟಡಿ ಒಂದು ದಿನದ ಪರೀಕ್ಷೆ ಆಗುವ ಬದಲು ಆ ಮೂರು ವರ್ಷದ ಒಡನಾಟ ಆಗಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮೂರು ತಿಂಗಳಿಗೊಮ್ಮೆ, ಭಾನುವಾರ ಬೆಳಗ್ಗೆ ಎರಡು ಗಂಟೆ, ಜಿಲ್ಲೆಯಲ್ಲಿ ಕಾಯುತ್ತಿರುವ ಮನೆಯವರನ್ನು ಒಂದು ಕಡೆ ಕೂರಿಸಲಿ. ಈಗಾಗಲೇ ದತ್ತು ತೆಗೆದುಕೊಂಡವರು, ಒಪ್ಪುವುದಾದರೆ, ಬಂದು ಮೊದಲ ಆರು ತಿಂಗಳು ಹೇಗಿತ್ತು ಅಂತ ಹೇಳಲಿ. ಅಜ್ಜ ಅಜ್ಜಿಯರು ಬರಲೇಬೇಕು ಅಂತ ಮಾಡಲಿ. "ಯಾವ ಜನವೋ" ಅಂತ ನಮ್ಮ ಕಟ್ಟೆಯಲ್ಲಿ ಹೇಳಿದ ಮಾತನ್ನು ಅತ್ತೆ ಅಲ್ಲಿ ಹೇಳಲಿ. ಅದಕ್ಕೆ ಉತ್ತರ ಕೊಡಲು ಯಾವ ಅಧಿಕಾರಿಯೂ ಬೇಡ, ಮೊಮ್ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದ ಇನ್ನೊಬ್ಬ ಅಜ್ಜಿ ಸಾಕು. ಆಮೇಲೆ ರೆಫರಲ್ ಹತ್ತಿರ ಬಂದಾಗ ಒಂದು ಸಲ ಮನೆಗೆ ಹೋಗಿ, ಈಗ ಹಗಲು ಮಗುವಿನ ಹತ್ತಿರ ಯಾರಿರುತ್ತಾರೆ ಅಂತ ಮಾತ್ರ ನೋಡಿಕೊಂಡು ಬರಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ, ಒಂದು ಹಾಲ್, ಚಹಾ, ಬಸ್ ಚಾರ್ಜು ಸಾಕು. ಈ ಕೆಲಸಕ್ಕೆ ಅಂತಲೇ ಬಿಡುವಿರುವ ಒಬ್ಬ ಸೋಷಿಯಲ್ ವರ್ಕರ್ ಮಾತ್ರ ಬೇಕು, ಹತ್ತು ಕೆಲಸದ ನಡುವೆ ಇದೊಂದು ಅಂತ ಓಡಾಡುವವರಲ್ಲ.

ಒಂದು ವಿಷಯವಂತೂ ಆ ಭೇಟಿಗಳಲ್ಲಿ ಮತ್ತೆ ಮತ್ತೆ ಬರಬೇಕು. ದತ್ತು ಅಂತ ಮಗುವಿಗೆ ಹೇಳುವುದು. ಎಲ್ಲರೂ ವರದಿಯಲ್ಲಿ "ಹೇಳುತ್ತೇವೆ" ಅಂತ ಬರೆಸುತ್ತಾರೆ, ಆಮೇಲೆ "ದೊಡ್ಡದಾಗಲಿ ನೋಡೋಣ" ಅಂತಾರೆ. ನಮ್ಮ ಓಣಿಗಳಲ್ಲಿ ಗುಟ್ಟು ನಿಲ್ಲುತ್ತದಾ? ನಲ್ಲಿ ಹತ್ತಿರ ಜಗಳ ಆದ ದಿನ ಯಾರೋ ಒಬ್ಬರು ಆಡಿಯೇ ಆಡುತ್ತಾರೆ. ಹತ್ತು ವರ್ಷದ ಮಗು ಅದನ್ನು ಬೈಗುಳವಾಗಿ ಕೇಳುತ್ತದೆ. ಎರಡು ವರ್ಷದಿಂದಲೇ ಮಲಗುವಾಗ ಕಥೆಯ ಹಾಗೆ ಕೇಳುತ್ತಾ ಬೆಳೆದ ಮಗುವಿಗೆ ಅದು ಬೈಗುಳ ಆಗುವುದಿಲ್ಲ, ತನಗೆ ಗೊತ್ತಿರುವ ಸಂಗತಿ ಅಷ್ಟೇ.

ಕಳೆದ ವರ್ಷ ಪಕ್ಕದ ಮನೆಯ ವರದಿ ಮತ್ತೆ ಮಾಡಿಸಬೇಕಾಗಿ ಬಂತು. ಹುಡುಗಿ ಮತ್ತೆ ಬಂದಳು, "ಅಕ್ಕಾ, ಅದೇ ಪತ್ರಕ್ಕೆ ಹೊಸ ತಾರೀಖು ಹಾಕಿಕೊಡಿ ಸಾಕು" ಅಂದಳು. ಅದೇ ಪತ್ರ ಬೇಡ ಅಂದೆ. ನಾಲ್ಕು ದಿನ ತೆಗೆದುಕೊಂಡು ಹೊಸದು ಬರೆದೆ. ಮಾವ ಇಲ್ಲ, ಅತ್ತೆಗೆ ಎಡಗೈ ಬರುವುದಿಲ್ಲ ಅಂತ ಬರೆದೆ. ಅತ್ತೆಯನ್ನು ಇವರಿಬ್ಬರೂ ಎರಡು ವರ್ಷದಿಂದ ಸ್ನಾನ ಮಾಡಿಸಿ, ಊಟ ಮಾಡಿಸಿ ನೋಡಿಕೊಂಡದ್ದನ್ನು ನಾನು ಗೋಡೆಯ ಈಚೆಯಿಂದ ಕೇಳಿದ್ದೇನೆ, ಒಂದು ದಿನವೂ ದನಿ ಏರಿಸಿದ್ದು ಕೇಳಿಲ್ಲ ಅಂತ ಬರೆದೆ. ಒಂದು ವರ್ಷ ಹುಡುಗಿ ತುಂಬಾ ಕುಗ್ಗಿದ್ದಳು, ಈಗ ಚೇತರಿಸಿಕೊಂಡಿದ್ದಾಳೆ, ಆದರೂ ಮಗು ಬಂದ ಮೊದಲ ತಿಂಗಳುಗಳಲ್ಲಿ ಅವಳನ್ನು ಮಾತಾಡಿಸುವವರು ಬೇಕು ಅಂತ ಬರೆದೆ. ಹಗಲು ಹೊತ್ತು ಮಗು ನಮ್ಮ ಮನೆಯಲ್ಲಿ ಇರಬಹುದು, ನಾನು ಮನೆಯಲ್ಲೇ ಇರುತ್ತೇನೆ ಅಂತ ಕೊನೆಗೆ ಸೇರಿಸಿ ಫೋನ್ ನಂಬರ್ ಹಾಕಿದೆ.

ಅವಳು ಓದಿ ಹೆದರಿದಳು, ಇದನ್ನು ಕೊಟ್ಟರೆ ನಮಗೆ ಮಗು ಕೊಡುತ್ತಾರಾ ಅಂತ. ಅತ್ತೆ ಮಂಚದ ಮೇಲಿಂದಲೇ ಎಲ್ಲ ಕೇಳಿಸಿಕೊಂಡು, "ಇದ್ದದ್ದು ಇದ್ದಂಗೆ ಕೊಡವ್ವ, ಕೂಸು ಬರೋದು ಈ ಮನಿಗೆ" ಅಂದರು.

ಮಗು ಬಂದು ಐದು ತಿಂಗಳಾಯಿತು. ಹೆಣ್ಣು ಮಗು. ಬೆಳಗ್ಗೆ ಒಂಬತ್ತಕ್ಕೆ ನಮ್ಮ ಮನೆಗೆ ಬರುತ್ತಾಳೆ, ಹನ್ನೊಂದಕ್ಕೆ ಅಜ್ಜಿ ಬೇಕು ಅಂತ ಅಳು ಶುರು ಮಾಡುತ್ತಾಳೆ. ಎತ್ತಿಕೊಂಡು ಹೋಗಿ ಮಂಚದ ಮೇಲೆ, ಅಜ್ಜಿಯ ಬಲಗೈ ಕಡೆ ಮಲಗಿಸುತ್ತೇನೆ.